ಮೂರು ಮಂದಿಯ ಮಣೆ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಬೆಚ್ಚಿಬೀಳುವುದು ನಮ್ಮ ಮನೆಗಳ ಗೋಡೆ ನೋಡಿ. ಎಲ್ಲರ ಪಡಸಾಲೆಯಲ್ಲೂ ಒಂದಲ್ಲ ಒಂದು ಕೂಸು ಫೋಟೊದೊಳಗೆ ಗಾಳಿಯಲ್ಲಿ ಕೂತಿರುತ್ತದೆ. ಕಂಕುಳ ಕೆಳಗೆ ಯಾರೋ ಹಿಡಿದಿರುವಂತೆ ಅಂಗಿ ಮುದುರಿರುತ್ತದೆ, ಹಿಡಿದವರು ಮಾತ್ರ ಇರುವುದಿಲ್ಲ. ಪರವೂರಿನ ಬೀಗರೊಬ್ಬರು ಹೆಣ್ಣು ನೋಡಲು ಬಂದವರು ಇಂಥದೊಂದು ಫೋಟೊ ಕಂಡು, ಹೆಣ್ಣು ನೋಡುವುದನ್ನು ಬಿಟ್ಟು ಚಪ್ಪಲಿ ಹುಡುಕಿಕೊಂಡು ಹೊರಟೇಬಿಟ್ಟಿದ್ದರು. ನಮಗೆ ಇದರಲ್ಲಿ ಹೆದರುವಂಥದ್ದೇನೂ ಕಾಣುವುದಿಲ್ಲ. ಕೂಸನ್ನು ಹಿಡಿದವಳು ಅದರ ತಾಯಿ. ಅವಳಿಗೆ ಮಣೆ ಸಿಕ್ಕಿಲ್ಲ, ಅಷ್ಟೆ.

ಮಣೆ ಅಂದರೆ ಕ್ಯಾಮೆರಾದ ಹೊಟ್ಟೆಯೊಳಗೆ ಬೆಳಕು ಬಂದು ಕೂರುವ ಆ ಹೊಳೆಯುವ ಬಿಲ್ಲೆ. ಬೇರೆ ಊರಿನವರು ಅದನ್ನು ಸೆನ್ಸರ್ ಅನ್ನುತ್ತಾರೆ. ದೊಡ್ಡ ಸೆನ್ಸರ್ ಇದ್ದರೆ ಕತ್ತಲಲ್ಲೂ ಫೋಟೊ ಚೆನ್ನಾಗಿ ಬರುತ್ತದೆ, ಹಿಂದಿನದೆಲ್ಲ ಮಂಜು ಮಂಜಾಗಿ ಮುಂದಿನ ಮುಖ ಎದ್ದು ಕಾಣುತ್ತದೆ ಎಂದೆಲ್ಲ ಅವರು ತಾಸುಗಟ್ಟಲೆ ವಾದ ಮಾಡುತ್ತಾರಂತೆ. ನಮ್ಮೂರಿನಲ್ಲಿ ಅಷ್ಟು ಮಾತು ಬೇಕಿಲ್ಲ. ಕ್ಯಾಮೆರಾ ಕೊಳ್ಳುವವರು ಕೇಳುವುದು ಒಂದೇ ಪ್ರಶ್ನೆ: ಇದು ಎಷ್ಟು ಮಂದಿಯ ಮಣೆ? ಯಾಕೆಂದರೆ ಇಲ್ಲಿ ಮಣೆಯ ಮೇಲೆ ಎಷ್ಟು ಜನರಿಗೆ ಜಾಗವಿದೆಯೋ ಅಷ್ಟೇ ಜನ ಫೋಟೊದಲ್ಲಿ ಬರುತ್ತಾರೆ. ಉಳಿದವರು ಎದುರಿಗೆ ಕಂಬದಂತೆ ನಿಂತಿದ್ದರೂ ಬರುವುದಿಲ್ಲ. ಫೋನಿನದು ಒಬ್ಬರ ಮಣೆ, ಅದರಲ್ಲಿ ಬರುವುದು ಹೆಚ್ಚಾಗಿ ಅದನ್ನು ಕೈಚಾಚಿ ಹಿಡಿದುಕೊಂಡವರೇ.

ಯಾರು ಬರುತ್ತಾರೆ, ಯಾರು ಏಳುತ್ತಾರೆ ಅನ್ನುವುದಕ್ಕೂ ಒಂದು ಲೆಕ್ಕವಿದೆ. ಗುಂಡಿ ಒತ್ತುವ ಕ್ಷಣದಲ್ಲಿ ತಮ್ಮ ಬಗ್ಗೆ ತಾವು ಯೋಚಿಸುತ್ತಿರುವವರನ್ನು ಕ್ಯಾಮೆರಾ ಮೊದಲು ಕೂರಿಸಿಕೊಳ್ಳುತ್ತದೆ. ಬೇರೆಯವರ ಮೇಲೆ ಜೀವ ಇಟ್ಟು ನಿಂತವರು ಮೊದಲು ಮಣೆ ಬಿಟ್ಟು ಏಳುತ್ತಾರೆ. ಹಾಗಾಗಿ ನಮ್ಮ ಪೇಟೆಯ ಮಾಂತೇಶಪ್ಪನವರು ಯಾರ ಮದುವೆಯ ಆಲ್ಬಮ್ಮಿನಲ್ಲಿ ನೋಡಿದರೂ ಇರುತ್ತಾರೆ. ಕರೆಯದ ಮದುವೆಯಲ್ಲೂ ರಸ್ತೆಯಾಚೆ ಮೀಸೆ ತೀಡಿಕೊಂಡು ಹೋಗುತ್ತಿರುವುದು ಕಾಣುತ್ತದೆ. ಮದುವಣಗಿತ್ತಿ ಫೋಟೊದಲ್ಲಿ ಬರದಿದ್ದರೆ, "ಹುಡುಗಿ ಜೀವ ಇನ್ನೂ ತವರಮನ್ಯಾಗ ಐತಿ, ನಾಳೆ ಮತ್ತ ತೆಗಸೋಣು" ಎಂದು ಅತ್ತೆಯೇ ಸಮಾಧಾನ ಹೇಳುತ್ತಾಳೆ. ಉಟ್ಟ ಬಟ್ಟೆ ಎದ್ದವರ ಜೊತೆಗೇ ಹೋಗುತ್ತದೆ. ಕೈಯಲ್ಲಿ ಹಿಡಿದ ಕೂಸು, ತಟ್ಟೆ, ಬೀಸಣಿಕೆ ಮಾತ್ರ ಇದ್ದಲ್ಲೇ ಉಳಿಯುತ್ತವೆ.

ಇಂಥ ಊರಿನಲ್ಲಿ ನನ್ನ ಗಂಡ ರುದ್ರಮುನಿ ಫೋಟೊ ಸ್ಟುಡಿಯೊ ಇಟ್ಟಿದ್ದಾರೆ. ನಾನು ಮುಂದಿನ ಕೌಂಟರಿನಲ್ಲಿ ಕೂರುತ್ತೇನೆ. ಯಾರ್ಯಾರು ಬಂದಿಲ್ಲ ಎಂದು ಗಿರಾಕಿಗಳು ತಗಾದೆ ತೆಗೆದಾಗ ಸಮಾಧಾನ ಮಾಡುವುದು ನನ್ನ ಕೆಲಸ. ನಮ್ಮ ಹಳೆಯ ಕ್ಯಾಮೆರಾದ್ದು ಮೂರು ಮಂದಿಯ ಮಣೆ. ಅದರ ಬಿಲ್ಲೆ ಕಿರುಬೆರಳಿನ ಉಗುರಿನಷ್ಟಿದೆ. ಅದರಲ್ಲೇ ನಮ್ಮವರು ಊರಿನ ಮುಕ್ಕಾಲು ಪಾಲು ಜನರನ್ನು ಮೂರು ಮೂರಾಗಿ ತೆಗೆದಿದ್ದಾರೆ. ಎಷ್ಟು ಹೆಣಗಿದರೂ ತೆಗೆಯಲಾಗದೆ ಉಳಿದವಳು ನಮ್ಮವರನ್ನು ಸಾಕಿ ಬೆಳೆಸಿದ ಚಿಗವ್ವ ಒಬ್ಬಳು.

ಚಿಗವ್ವ ಅಂದರೆ ನನ್ನ ಮಾವನವರ ತಮ್ಮನ ಹೆಂಡತಿ. ಫಕೀರವ್ವ ಅಂತ ಹೆಸರು, ಆದರೆ ಆ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ನಮ್ಮವರು ಇನ್ನೂ ಅಂಬೆಗಾಲಿಡುವ ಮೊದಲೇ ಹೆತ್ತ ತಾಯಿ ತೀರಿಕೊಂಡರು. ಗಂಡನನ್ನು ಕಳೆದುಕೊಂಡು, ಮಕ್ಕಳೂ ಇಲ್ಲದೆ ಇದ್ದ ಚಿಗವ್ವ ಆ ಕೂಸನ್ನು ಸೊಂಟಕ್ಕೇರಿಸಿಕೊಂಡಳು. ಇಳಿಸಿದ್ದು ಯಾವಾಗ ಎಂದು ಕೇಳಿದರೆ ಆಕೆ ಇನ್ನೂ ಇಳಿಸಿಯೇ ಇಲ್ಲ ಅನ್ನುತ್ತೇನೆ ನಾನು. ನಮ್ಮವರ ತಲೆಯಲ್ಲಿ ಅರ್ಧ ಕೂದಲು ಬೆಳ್ಳಗಾಗಿದ್ದರೂ ಮನೆಯಿಂದ ಹೊರಡುವಾಗ ಚಿಗವ್ವ ಸೆರಗಿನಿಂದ ಅವರ ಮುಖ ಒರೆಸುತ್ತಾಳೆ. ಅವರೂ ಮುಖ ಕೊಟ್ಟು ನಿಂತಿರುತ್ತಾರೆ.

ನಮ್ಮ ಪಡಸಾಲೆಯಲ್ಲಿ ಎರಡು ಫೋಟೊಗಳಿದ್ದವು. ಒಂದರಲ್ಲಿ ಒಂದು ವರ್ಷದ ರುದ್ರಮುನಿ ಗಾಳಿಯಲ್ಲಿ ಕೂತು ಬಾಯಿ ತುಂಬ ನಗುತ್ತಿದ್ದಾರೆ. ಒಂದು ಕಾಲನ್ನು ಯಾರೋ ಮೆಲ್ಲಗೆ ಎತ್ತಿ ಹಿಡಿದಂತಿದೆ, ಕಣ್ಣು ಮೇಲಕ್ಕೆ ಯಾರದೋ ಮುಖವನ್ನು ನೋಡುತ್ತಿದೆ. ಆ ಮುಖ ಚಿಗವ್ವನದು. ಇನ್ನೊಂದು ಹೆತ್ತವ್ವನ ಫೋಟೊ, ಅದರಲ್ಲಿ ಒಂದು ಖಾಲಿ ಕುರ್ಚಿ ಇದೆ. ಬದುಕಿದ್ದಾಗ ಒಂದು ಸಲವೂ ಫೋಟೊದಲ್ಲಿ ಬರದವರು ತೀರಿಕೊಂಡರೆ ನಮ್ಮೂರಿನಲ್ಲಿ ಅವರು ಕೂರುತ್ತಿದ್ದ ಕುರ್ಚಿಯನ್ನೇ ತೆಗೆದು, ಚೌಕಟ್ಟು ಹಾಕಿಸಿ, ಹಾರ ಹಾಕುತ್ತಾರೆ. ನಮ್ಮವರು ದಿನಾ ಸ್ನಾನ ಮಾಡಿ ಬಂದು ಆ ಕುರ್ಚಿಗೆ ಕೈಮುಗಿಯುತ್ತಾರೆ. ಹೆತ್ತವಳ ಮುಖ ಹೇಗಿತ್ತು ಎಂದು ಅವರಿಗೆ ಗೊತ್ತಿಲ್ಲ.

ಚಿಗವ್ವನನ್ನು ತೆಗೆಯಲು ಅವರು ಮಾಡದ ಸಾಹಸವಿಲ್ಲ. ಒಬ್ಬಳನ್ನೇ ಕೂರಿಸಿ ತೆಗೆದರೆ ಬರಲೇಬೇಕಲ್ಲ ಎಂದು ಎಷ್ಟೋ ಸಲ ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದರು. ಆಕೆ ಕೂತಳು, ಸೆರಗು ಹೊದ್ದಳು, ನೆಟ್ಟಗೆ ಕ್ಯಾಮೆರಾ ನೋಡಿದಳು. ಇನ್ನೇನು ಗುಂಡಿ ಒತ್ತಬೇಕು, ಅಷ್ಟರಲ್ಲಿ, "ಬಿಸಲಾಗ ನಿಂತೀಯಲ್ಲೋ ರುದ್ರಾ, ತೆಲಿಮ್ಯಾಲೆ ಏನರ ಹಾಕ್ಕೋಬಾರದ?" ಅಂದಳು. ಫೋಟೊದಲ್ಲಿ ಕುರ್ಚಿಯೊಂದೇ ಬಂತು. "ನಿನ್ನ ಬಗ್ಗೆ ವಿಚಾರ ಮಾಡು ಚಿಗವ್ವಾ" ಎಂದು ಬೇಡಿಕೊಂಡರೆ, "ನನ್ನ ಬಗ್ಗೆ ಏನಂತ ವಿಚಾರ ಮಾಡ್ಲೋ? ನಾ ಆರಾಮ ಅದೀನಲ್ಲ" ಅನ್ನುತ್ತಿದ್ದಳು. ಆಕೆಯ ರೇಷನ್ ಕಾರ್ಡಿನಲ್ಲೂ ಖಾಲಿ ಸ್ಟೂಲಿನ ಚಿತ್ರವೇ ಇದೆ. ಅಂಗಡಿಯವನು ಸ್ಟೂಲ್ ನೋಡಿ, ಚಿಗವ್ವನ ಮುಖ ನೋಡಿ, ಹೌದು ಎಂದು ತಲೆಯಾಡಿಸಿ ಅಕ್ಕಿ ಅಳೆದು ಕೊಡುತ್ತಾನೆ.

ಹೋದ ಚಳಿಗಾಲದಲ್ಲಿ ಚಿಗವ್ವನಿಗೆ ಕೆಮ್ಮು ಹಿಡಿದು, ಎದೆಗೂಡು ಗೊರಗೊರ ಅನ್ನತೊಡಗಿದಾಗ ನಮ್ಮವರಿಗೆ ಜೀವವೇ ಹಾರಿಹೋದಂತಾಯಿತು. ಕೆಮ್ಮು ವಾಸಿಯಾಯಿತು, ಇವರ ಹೆದರಿಕೆ ವಾಸಿಯಾಗಲಿಲ್ಲ. ಒಂದು ಸಂಜೆ ಸ್ಟುಡಿಯೊದ ಬಾಗಿಲು ಹಾಕುವಾಗ ಷಟರ್ ಅರ್ಧಕ್ಕೆ ಎಳೆದು ಅಲ್ಲೇ ನಿಂತುಬಿಟ್ಟರು.

"ನೀಲಾ, ಇನ್ನೊಂದು ಕುರ್ಚಿಗೆ ಹಾರ ಹಾಕಾಕ ನನ್ನ ಕೈಲೆ ಆಗೂದಿಲ್ಲ."

ನಾನು ಸಾಮಾನ್ಯವಾಗಿ ಅವರ ಎಲ್ಲ ಮಾತಿಗೂ ಒಂದು ಕೊಂಕು ಸೇರಿಸುವವಳು. ಆ ದಿನ ಷಟರಿನ ಇನ್ನೊಂದು ಬದಿ ಹಿಡಿದು ಎಳೆದೆ.

ದೊಡ್ಡ ಮಣೆಯ ಹುಚ್ಚು ಅವರಿಗೆ ಹತ್ತಿದ್ದು ಆಗಲೇ. ದೊಡ್ಡ ಪೇಟೆಯಲ್ಲಿ ಬೆಂಕಿಪೊಟ್ಟಣದ ಮೈಯಷ್ಟು ಅಗಲದ ಸೆನ್ಸರ್ ಇರುವ ಕ್ಯಾಮೆರಾ ಬಂದಿದೆಯಂತೆ, ಇಡೀ ಓಣಿಯೇ ಕೂತರೂ ಅದರ ಮಣೆಯಲ್ಲಿ ಇನ್ನೂ ಜಾಗ ಉಳಿಯುತ್ತದಂತೆ. ಅಷ್ಟು ಜಾಗವಿದ್ದ ಮೇಲೆ ಯಾರೂ ಏಳಬೇಕಾಗಿಲ್ಲ, ಚಿಗವ್ವನೂ ಬರುತ್ತಾಳೆ ಎಂಬುದು ಅವರ ಲೆಕ್ಕಾಚಾರ. ಹಿಂದಿನ ಓಣಿಯಲ್ಲಿ ಸ್ಟುಡಿಯೊ ಇಟ್ಟಿರುವ ಮೌಲಾಲಿ ಅಣ್ಣ ನಮ್ಮ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಾ ಇದನ್ನೆಲ್ಲ ಕೇಳಿಸಿಕೊಂಡ. ಇಬ್ಬರೂ ಒಂದೇ ಕಸುಬಿನವರು, ಒಬ್ಬರ ಫೋಟೊ ಒಬ್ಬರು ಹೊಗಳಿದ್ದನ್ನು ನಾನು ಕಂಡಿಲ್ಲ, ಒಬ್ಬರನ್ನೊಬ್ಬರು ಬಿಟ್ಟು ಚಹಾ ಕುಡಿದದ್ದನ್ನೂ ಕಂಡಿಲ್ಲ.

"ಮಣೆ ದೊಡ್ಡದಾದ್ರ ಕುಂಡ್ರಾವರು ಬದಲಾಗ್ತಾರೇನೋ ರುದ್ರಣ್ಣ?" ಅಂದ ಮೌಲಾಲಿ. "ನಿಮ್ಮ ಚಿಗವ್ವಗ ಮೈದಾನದಷ್ಟು ಮಣೆ ಹಾಕು. ಆಕಿ ಅದನ್ನ ಕಸಾ ಹೊಡದು, ನಿನಗ ಕುಂಡ್ರು ಅಂತಾಳ."

"ನೀ ಹೊಟ್ಟಿಕಿಚ್ಚಿಗೆ ಹೇಳ್ತಿ."

"ಹೊಟ್ಟಿಕಿಚ್ಚು ಐತಿ, ಇಲ್ಲಂತ ಯಾರಂದ್ರು? ಹಂಗಂತ ನಾ ಹೇಳೂದು ಸುಳ್ಳಾಗತೈತೇನ?" ಎಂದು ನನ್ನ ಕಡೆ ತಿರುಗಿದ. "ನೀವರ ಹೇಳ್ರಿ ನೀಲವ್ವಾರ."

ನನಗೂ ಮೌಲಾಲಿ ಹೇಳಿದ್ದೇ ಸರಿ ಅನ್ನಿಸಿತ್ತು. ಆದರೆ ಗಂಡನ ಮುಖ ನೋಡಿದೆ. "ತರ್ಲಿ ಬಿಡಪಾ. ತರದ ಕುಂತು ಕೊರಗೂದ್ರಕಿಂತ, ತಂದು ಕೊರಗೂದು ಚಲೋ" ಅಂದೆ. ಅಂತೂ ಹೊಸ ಕ್ಯಾಮೆರಾ ಬಂದೇ ಬಂತು. ನಮ್ಮವರು ಅದರ ಬಾಯಿ ತೆಗೆದು ಒಳಗಿನ ಮಣೆಯನ್ನು ಒಂದು ಸಲ ನನಗೆ ತೋರಿಸಿ, ಧೂಳು ಬಿದ್ದೀತು ಎಂದು ತಕ್ಷಣ ಮುಚ್ಚಿದರು. ನಿಜಕ್ಕೂ ದೊಡ್ಡದಿತ್ತು. ಹಸಿರು, ನೀಲಿ ಮಿಂಚುತ್ತಿತ್ತು.

ಅದನ್ನು ಮೊದಲು ಹೊರತೆಗೆದದ್ದು ಪಕ್ಕದ ಮನೆಯ ಕಾಶವ್ವನ ಮೊಮ್ಮಗಳ ತೊಟ್ಟಿಲ ಕಾರ್ಯದಲ್ಲಿ. ಇಡೀ ಓಣಿ ಸೇರಿತ್ತು. ನಮ್ಮವರು ಎಲ್ಲರನ್ನೂ ಕಾಶವ್ವನ ಕಟ್ಟೆಯ ಮೇಲೆ ಒಟ್ಟಿಗೆ ನಿಲ್ಲಿಸಿದರು. ಒಟ್ಟಿಗೆ ನಿಲ್ಲುವುದು ನಮ್ಮ ಜನಕ್ಕೆ ಗೊತ್ತೇ ಇಲ್ಲ. ಮೂವರು ನಿಲ್ಲುವುದು, ಉಳಿದವರು ದೂರ ಸರಿದು ಹರಟೆ ಹೊಡೆಯುವುದು, ಹೀಗೇ ರೂಢಿ. "ನಾನೂ ನಿಂದ್ರಬೇಕೇನ?", "ನನ್ನ ಕರದಿರೇನ?" ಎಂದು ಒಬ್ಬೊಬ್ಬರೂ ಕೇಳಿ ಕೇಳಿ ಬಂದು ನಿಂತರು. ಮಾಂತೇಶಪ್ಪನವರು ಕರೆಯದೆಯೇ ನಡುವೆ ನಿಂತರು. ಚಿಗವ್ವನನ್ನು ನಾನು ನನ್ನ ಪಕ್ಕದಲ್ಲೇ ಹಿಡಿದು ನಿಲ್ಲಿಸಿಕೊಂಡೆ. ಕೈಯಲ್ಲಿ ನೀರಿನ ತಂಬಿಗೆ ಯಾಕೆ ಹಿಡಿದಿದ್ದೀ ಎಂದು ಕೇಳಿದರೆ, "ಅಂವಾ ಹೊತ್ತೇರಿದಾಗಿಂದ ನೀರು ಕುಡದಿಲ್ಲ" ಅಂದಳು. ನಮ್ಮವರು ಎಲ್ಲರೂ ಕಾಣಲಿ ಎಂದು ಸ್ಟೂಲಿನ ಮೇಲೆ ಹತ್ತಿ ನಿಂತಿದ್ದರು.

"ಎಲ್ಲಾರೂ ನನ್ನ ಕಡೆ ನೋಡ್ರಿ. ತಮ್ಮ ತಮ್ಮ ಮುಖದ ಬಗ್ಗೆ ವಿಚಾರ ಮಾಡ್ರಿ."

"ಸ್ಟೂಲ್ ಅಳ್ಳಾಡಾಕತ್ತೈತಿ! ಬಿದ್ದೀಯೋ!" ಎಂದು ಚಿಗವ್ವ ಕೂಗಿದಳು. ಅದೇ ಹೊತ್ತಿಗೆ ಕ್ಯಾಮೆರಾ ಚಟ್ ಅಂದಿತು.

ಫೋಟೊ ನೋಡಲು ಓಣಿಯ ಜನವೆಲ್ಲ ನಮ್ಮ ಸ್ಟುಡಿಯೊಗೆ ನುಗ್ಗಿದರು. ಕಂಪ್ಯೂಟರಿನ ಪರದೆಯ ಮೇಲೆ ಅದು ತೆರೆದುಕೊಂಡಿತು. ಕಾಶವ್ವ ಮುಂದೆ ಬಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಕಾಶವ್ವ ಆರು ಮಕ್ಕಳನ್ನು ಹೆತ್ತವಳು, ಆರೂ ಮಕ್ಕಳು ಅವಳ ಮನೆಯ ಗೋಡೆಯ ಮೇಲೆ ಗಾಳಿಯಲ್ಲಿ ಕೂತಿವೆ. ಈಗ ಪರದೆಯಲ್ಲಿ ಮೊಮ್ಮಗಳ ಬೆನ್ನಿಗೆ ಎರಡು ಕೈಗಳಿದ್ದವು, ಕೈಗಳ ಹಿಂದೆ ಕಾಶವ್ವ ಇದ್ದಳು.

"ಏ, ಇವು ನನ್ನ ಕೈ ಅಲ್ಲೇನ?" ಅಂದಳು. "ನೋಡ್ರೇ, ನಾ ಹಿಡಕೊಂಡೇನಿ! ಹ್ಯಾಂಗ ಹಿಡಕೊಂಡೇನಿ ನೋಡ್ರೇ!"

ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು. ಅವಳನ್ನು ನೋಡಿ ಇನ್ನಿಬ್ಬರು ತಾಯಂದಿರು ಅತ್ತರು. ನನ್ನದೂ ಅದೇ ಕಥೆ. ನನ್ನ ಮಗಳು ಮುಕ್ತಾಗೆ ಈಗ ಹದಿಮೂರು. ಅವಳ ಜೊತೆ ನಾನು ಒಂದು ಫೋಟೊದಲ್ಲೂ ಬಂದವಳಲ್ಲ. ಇಲ್ಲಿ ಅವಳ ಜಡೆಯ ರಿಬ್ಬನ್ ಸರಿಮಾಡುತ್ತಾ ನಿಂತಿದ್ದೆ. ಅವಳಿಗಿಂತ ನಾನು ಗಿಡ್ಡ ಆಗಿದ್ದೇನೆ ಎಂದು ನನಗೆ ತಿಳಿದದ್ದು ಆಗಲೇ. ದೊಡ್ಡ ಮಣೆಯನ್ನು ಕುರಿತು ನಾನು ಮನಸ್ಸಿನಲ್ಲಿ ಆಡಿಕೊಂಡದ್ದನ್ನೆಲ್ಲ ಆ ಗಳಿಗೆಯಲ್ಲೇ ವಾಪಸು ತೆಗೆದುಕೊಂಡೆ. ಅರ್ಧ ಜೀವ ಮಕ್ಕಳ ಮೇಲಿಟ್ಟು ಅರ್ಧ ಜೀವ ಸೀರೆಯ ನೆರಿಗೆಯ ಮೇಲಿಟ್ಟ ನಮ್ಮಂಥವರಿಗೆಲ್ಲ ಅದರಲ್ಲಿ ಜಾಗ ಸಿಕ್ಕಿತ್ತು. ಅದನ್ನು ತಂದ ನನ್ನ ಗಂಡನ ಬಗ್ಗೆ ನನಗೆ ಹೇಳಲಾರದಷ್ಟು ಹೆಮ್ಮೆ ಬಂತು.

ಆದರೆ ಅವರು ಯಾರ ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ನನ್ನ ಪಕ್ಕದ ಜಾಗವನ್ನು ನೋಡುತ್ತಿದ್ದರು. ಅಲ್ಲಿ ಒಬ್ಬರು ನಿಲ್ಲುವಷ್ಟು ಖಾಲಿ ಇತ್ತು, ಆ ಖಾಲಿಯಲ್ಲಿ ನೀರು ತುಂಬಿದ ತಂಬಿಗೆಯೊಂದು ಅವರ ಕಡೆಗೇ ಚಾಚಿಕೊಂಡು ನಿಂತಿತ್ತು.

ಅದಾದ ಮೇಲೆ ಅವರು ಮಂಕಾದರು. ಹೊಸ ಕ್ಯಾಮೆರಾಕ್ಕೆ ಊರೆಲ್ಲ ಬೇಡಿಕೆ, ಕರೆದಲ್ಲಿಗೆ ಹೋಗಿ ತೆಗೆದು ಬರುತ್ತಿದ್ದರು. ಮನೆಗೆ ಬಂದರೆ ಮಾತಿಲ್ಲ. ಚಿಗವ್ವನಿಗೆ ಅದೇ ಚಿಂತೆಯಾಯಿತು. "ಯಾರದರ ದೃಷ್ಟಿ ತಾಗಿರಬೇಕು" ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ತಾನು ಫೋಟೊದಲ್ಲಿ ಬರಲಿಲ್ಲ ಎಂಬ ದುಃಖ ಆಕೆಗೆ ಎಳ್ಳಷ್ಟೂ ಇರಲಿಲ್ಲ.

"ನನ್ನ ಮುಖದಾಗ ಏನೈತೋ ನೋಡೂದು? ಮುಕ್ತಾಂದು ತಗಿ, ಮಾವಿನ ಹಣ್ಣಿನಂಗ ಅದಾಳ" ಅನ್ನುತ್ತಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ ಬಚ್ಚಲಲ್ಲಿ ಚಿಗವ್ವನ ಕಾಲು ಜಾರಿತು. ಮೂಳೆ ಮುರಿಯಲಿಲ್ಲ, ನಮ್ಮ ಪುಣ್ಯ. ಸೊಂಟ ಉಳುಕಿತ್ತು. ಡಾಕ್ಟರು ಬಂದು ಒತ್ತಿ ನೋಡಿ, ಏಳಬೇಡಿ, ಬಗ್ಗಬೇಡಿ, ಯಾವ ಕೆಲಸವನ್ನೂ ಮುಟ್ಟಬೇಡಿ ಎಂದು ಹೇಳಿ ಹೋದರು. ಚಿಗವ್ವನಿಗೆ ಬಿದ್ದದ್ದಕ್ಕಿಂತ ಈ ಮಾತೇ ಹೆಚ್ಚು ನೋವಾಯಿತು. ಆಕೆಯಷ್ಟು ಕೆಟ್ಟ ರೋಗಿಯನ್ನು ನಾನು ನೋಡಿಲ್ಲ. ನೀರು ಕೊಟ್ಟರೆ "ನೀ ಕುಡದೀಯೇನ?" ಅನ್ನುವಳು. ಸೊಂಟಕ್ಕೆ ಎಣ್ಣೆ ತಿಕ್ಕಲು ಹೋದರೆ "ಕೈ ನೋಯ್ತಾವು, ಸಾಕು ಬಿಡು" ಎಂದು ಕೈ ತಳ್ಳುವಳು. ಒಂದು ದಿನ ನಾನು ರೇಗಿಯೇಬಿಟ್ಟೆ.

"ಯಾಕ ಚಿಗವ್ವಾ, ನಾವು ಮಾಡಿದ್ದು ನಿನಗ ಸೇರೂದಿಲ್ಲೇನ? ನಾವು ಹೊರಗಿನವ್ರೇನ?"

ಆಕೆ ತೊಲೆ ನೋಡುತ್ತಾ ಸಣ್ಣ ದನಿಯಲ್ಲಿ ಹೇಳಿದಳು.

"ಹಂಗಲ್ಲ ನೀಲವ್ವಾ. ನನಗ ಮಾಡೂದು ಗೊತ್ತೈತಿ. ಮಾಡಿಸ್ಕೊಳ್ಳೂದು ಹ್ಯಾಂಗಂತ ಯಾರೂ ಕಲಿಸಿಲ್ಲ."

"ಕಲೀವಂತಿ, ಅದೇನ ದೊಡ್ಡ ವಿದ್ಯಾ ಅಲ್ಲ. ಸುಮ್ಮನ ಇದ್ದರ ಆತು" ಎಂದು ಎಣ್ಣೆಯ ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡೆ. ಆ ದಿನ ಆಕೆ ಕೈ ತಳ್ಳಲಿಲ್ಲ. ಕಲಿಯುವವರೆಲ್ಲರಂತೆ ಮೊದಮೊದಲು ಮೈ ಬಿಗಿಹಿಡಿದಿದ್ದಳು. ಬರಬರುತ್ತ ಸ್ವಲ್ಪ ಸಡಿಲಾದಳು. ತಂಬಿಗೆ ಬೇಕೆಂದು ಒಂದು ದಿನ ತಾನಾಗಿ ಕೇಳಿದಳು. ಮುಕ್ತಾ ಓಡಿ ಬಂದು ನನಗೆ ಹೇಳಿದಳು: "ಅವ್ವಾ, ಅಜ್ಜಿ ನೀರು ಬೇಡಿದ್ಲು!"

ಸೊಂಟ ಸುಧಾರಿಸಿ ಎದ್ದು ಕೂರುವಂತಾದ ಮೇಲೆ, ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಅಂಗಳದಲ್ಲಿ ಹೊರಸು ಹಾಕಿ, ದಿಂಬು ಕೊಟ್ಟು ಕೂರಿಸುತ್ತಿದ್ದೆವು. ಅಂಥ ಒಂದು ದಿನ ನಮ್ಮವರೂ ಮನೆಯಲ್ಲಿದ್ದರು. ಹಳೆಯ ಕ್ಯಾಮೆರಾವನ್ನು ಮೌಲಾಲಿಗೆ ಕೊಟ್ಟುಬಿಡುವುದೆಂದು ಆಗಿತ್ತು. ಕೊಡುವ ಮೊದಲು ಎಲ್ಲ ಸರಿಯಿದೆಯೇ ನೋಡಬೇಕೆಂದು ಅದನ್ನು ಅಂಗಳದಲ್ಲಿ ಸ್ಟ್ಯಾಂಡಿನ ಮೇಲೆ ಏರಿಸಿದ್ದರು. ಹೊರಸಿನ ಕಡೆ ಮುಖ ಮಾಡಿಸಿ, ತನ್ನಷ್ಟಕ್ಕೆ ತಾನೇ ಒತ್ತಿಕೊಳ್ಳುವ ಟೈಮರ್ ಹಾಕಿದರು. ಅದರ ಕೆಂಪು ದೀಪ ಮಿನುಗತೊಡಗಿತು. ನಾನು ಹೊರಸಿನ ಹಿಂದೆ ಕೂತು ಚಿಗವ್ವನ ತಲೆ ಬಾಚುತ್ತಿದ್ದೆ. ಮುಕ್ತಾ ಚಹಾದ ಲೋಟ ಹಿಡಿದು ಆರಿಸುತ್ತಿದ್ದಳು.

"ಅಯ್ಯಯ್ಯೋ, ಕಾಲು! ಮೀನಖಂಡ ಹಿಡಕೊಂತು!" ಎಂದು ಚಿಗವ್ವ ಒಮ್ಮೆಲೇ ಚೀರಿದಳು.

ನಮ್ಮವರು ಕ್ಯಾಮೆರಾ ಬಿಟ್ಟು ಓಡಿಬಂದು ನೆಲದ ಮೇಲೆ ಕೂತು ಆಕೆಯ ಪಾದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಮೀನಖಂಡ ತಿಕ್ಕುತ್ತಾ, ಹೆಬ್ಬೆರಳು ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆದರು. ಅವರು ಸಣ್ಣವರಿದ್ದಾಗ ಆಟವಾಡಿ ಬಂದು ಕಾಲು ನೋವೆಂದು ಅತ್ತರೆ ಚಿಗವ್ವ ಹೀಗೇ ಎಳೆಯುತ್ತಿದ್ದಳಂತೆ. ಮುಕ್ತಾ ಗಾಬರಿಯಿಂದ ಲೋಟವನ್ನು ಅಜ್ಜಿಯ ತುಟಿಗೇ ಹಿಡಿದಳು. ನಾನು ಅರ್ಧ ಬಾಚಿದ ಕೂದಲನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಆಕೆಯ ಹೆಗಲು ಹಿಡಿದೆ. ಸೆಳೆತ ಇಳಿಯುವುದು ನನ್ನ ಅಂಗೈಗೆ ಗೊತ್ತಾಯಿತು. ಆಕೆಯ ಭಾರವೆಲ್ಲ ನನ್ನ ಮೇಲೆ ಬಂತು.

"ಹಾಯ್" ಅಂದಳು ಚಿಗವ್ವ ಕಣ್ಣು ಮುಚ್ಚಿಕೊಂಡು. "ಎಷ್ಟ ಹಗೂರಾತು ನನಗ."

ಹಿಂದೆ ಎಲ್ಲೋ ಚಟ್ ಅಂದದ್ದು ನಮಗೆ ಯಾರಿಗೂ ಕೇಳಿಸಲಿಲ್ಲ.

ಸಂಜೆ ಮೌಲಾಲಿ ಕ್ಯಾಮೆರಾ ಒಯ್ಯಲು ಸ್ಟುಡಿಯೊಗೆ ಬಂದ. ಕೊಡುವ ಮೊದಲು ಕಾರ್ಡ್ ಖಾಲಿ ಮಾಡಬೇಕೆಂದು ನಮ್ಮವರು ಅದನ್ನು ಕಂಪ್ಯೂಟರಿಗೆ ಹಾಕಿದರು. ಪರದೆಯ ಮೇಲೆ ಕೊನೆಯ ಫೋಟೊ ತೆರೆಯಿತು. ನಾನು ಚಹಾದ ಲೋಟಗಳನ್ನು ಹಿಡಿದು ಒಳಗೆ ಬಂದವಳು ಬಾಗಿಲಲ್ಲೇ ನಿಂತೆ.

ಹೊರಸಿನ ಮೇಲೆ ಚಿಗವ್ವ ಕೂತಿದ್ದಳು. ಒಬ್ಬಳೇ, ನಮ್ಮೂರಿನ ಯಾವ ಫೋಟೊದಲ್ಲೂ ಬರದ ಚಿಗವ್ವ, ಪೂರ್ತಿಯಾಗಿ. ಸುಕ್ಕು, ಹಣೆಯ ಹಚ್ಚೆ, ಬೊಚ್ಚುಬಾಯಿಯ ಕೊನೆಯಲ್ಲಿ ಉಳಿದ ನೋವು, ಅದರ ಮೇಲೆ ಹರಡುತ್ತಿರುವ ಆರಾಮ, ಎಲ್ಲವೂ ಇದ್ದವು. ಬಿಳಿ ಕೂದಲಿನ ಅರ್ಧ ಭಾಗ ಗಾಳಿಯಲ್ಲಿ ನೆಟ್ಟಗೆ ಎಳೆದುಕೊಂಡು ನಿಂತಿತ್ತು, ಅದರಲ್ಲಿ ಬಾಚಣಿಗೆ ಸಿಕ್ಕಿಕೊಂಡಿತ್ತು. ಚಹಾದ ಲೋಟ ತಾನಾಗಿ ಬಾಗಿ ತುಟಿಗೆ ತಾಗಿತ್ತು. ಕುಪ್ಪಸದ ಹೆಗಲು ಐದು ಬೆರಳು ಒತ್ತಿದಂತೆ ಅದುಮಿಕೊಂಡಿತ್ತು. ಒಂದು ಪಾದ ನೆಲದಿಂದ ಮೇಲೆದ್ದು, ಯಾರೋ ಮೆಲ್ಲಗೆ ಎತ್ತಿ ಹಿಡಿದಂತೆ ಗಾಳಿಯಲ್ಲಿ ನಿಂತಿತ್ತು.

ನಾವು ಮೂವರೂ ಎದ್ದುಬಿಟ್ಟಿದ್ದೆವು. ಚಿಗವ್ವ ಕೂತಿದ್ದಳು.

ನಮ್ಮವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಭುಜ ಕುಲುಕತೊಡಗಿತು. ಮೌಲಾಲಿ ಅವರ ಬೆನ್ನ ಮೇಲೆ ಕೈಯಿಟ್ಟ. "ಚಲೋ ಬಂದೈತಿ ರುದ್ರಣ್ಣ" ಅಂದ. ಒಬ್ಬರ ಫೋಟೊ ಒಬ್ಬರು ಹೊಗಳಿದ್ದು ಅದೇ ಮೊದಲು. ಆಮೇಲೆ ತಾನೇ ಹಳೆಯ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಅದನ್ನು ನಮ್ಮ ಕಪಾಟಿನಲ್ಲೇ ಇಟ್ಟ.

"ಹಂಗಾರ ದೊಡ್ಡ ಮಣೆ ಬ್ಯಾಡಂತೀರೇನು?" ಎಂದು ನಾನು ಕೇಳಿದೆ.

"ಬೇಕವಾ, ಯಾಕ ಬ್ಯಾಡ?" ನಮ್ಮವರು ಮುಖ ಒರೆಸಿಕೊಂಡರು. "ಕಾಶವ್ವಗ ಬೇಕು, ನಿನಗ ಬೇಕು. ಚಿಗವ್ವನ ಸಲುವಾಗಿ ಅಂತ ತಂದದ್ದು ತಪ್ಪಾತು ನೋಡು. ಆಕಿಗೆ ಕಡಿಮಿ ಬಿದ್ದದ್ದು ಜಾಗಾ ಅಲ್ಲ."

ಫೋಟೊ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಚಿಗವ್ವನ ತೊಡೆಯ ಮೇಲಿಟ್ಟೆವು. ಆಕೆ ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು. ಏನಾದರೂ ಚೇಷ್ಟೆ ಮಾಡುತ್ತಾಳೆ ಎಂದು ನಾನು ಕಾದಿದ್ದೆ. ಆಕೆ ಗಾಜಿನ ಮೇಲೆ ಕೈಯಾಡಿಸಿದಳು.

"ನಮ್ಮವ್ವ ಕಂಡಂಗಾತು" ಅಂದಳು. "ನಮ್ಮವ್ವಂದು ಒಂದೂ ಫೋಟೊ ಇಲ್ಲ. ಮುಖ ಮರತೇ ಹೋಗಿತ್ತು. ಇಲ್ಲೇ ನನ್ನ ಗದ್ದದಾಗ ಅದಾಳ ನೋಡ್ರಿ."

ಆಮೇಲೆ ಆಕೆಯ ಬೆರಳು ಕೆಳಗಿಳಿದು, ಗಾಳಿಯಲ್ಲಿ ನಿಂತ ತನ್ನ ಪಾದದ ಹತ್ತಿರ ತಡೆಯಿತು.

"ಇಲ್ಲೆ ನೀ ಅದೀ."

"ನಿನಗ ಹ್ಯಾಂಗ ಗೊತ್ತಾತು?" ಅಂದರು ನಮ್ಮವರು.

ಚಿಗವ್ವ ಗೋಡೆಯ ಕಡೆ ಕೈತೋರಿಸಿದಳು. ಅಲ್ಲಿ ಒಂದು ವರ್ಷದ ರುದ್ರಮುನಿ ಗಾಳಿಯಲ್ಲಿ ಕೂತು, ಒಂದು ಕಾಲೆತ್ತಿ, ಮೇಲಕ್ಕೆ ನೋಡುತ್ತಾ ನಗುತ್ತಿದ್ದರು. "ಹಂಗ ಹಿಡಿಯಾಕ ಕಲಿಸಿದಾಕಿ ನಾ ಅಲ್ಲೇನ" ಅಂದಳು.

ಹೊಸ ಫೋಟೊವನ್ನು ಅದರ ಪಕ್ಕದಲ್ಲೇ ತೂಗುಹಾಕಿದೆವು. ಮೊಳೆ ಹೊಡೆಯುವಾಗ ಚಿಗವ್ವ ಕೆಳಗೆ ನಿಂತು, "ಹಾರಾ ಗೀರಾ ಹಾಕೀರಿ ಮತ್ತ, ಇನ್ನೂ ಅದೀನಿ ನಾ" ಎಂದು ಎಚ್ಚರಿಸಿದಳು. ಓಣಿಯವರೆಲ್ಲ ಬಂದು ನೋಡಿ ಹೋದರು. ಕಾಶವ್ವ ಚೌಕಟ್ಟಿಗೆ ಕೈಮುಗಿದಳು. ಇದು ಎಷ್ಟು ಮಂದಿಯ ಮಣೆಯಲ್ಲಿ ತೆಗೆದದ್ದು ಎಂದು ಕೇಳಿದವರಿಗೆ ಮುಕ್ತಾ, "ಮೂರು ಮಂದೀದು, ಆದರ ಕುಂತಾಕಿ ಒಬ್ಬಾಕಿ" ಎಂದು ದೊಡ್ಡವರ ಹಾಗೆ ವಿವರಿಸುತ್ತಿದ್ದಳು.

ಸೊಂಟ ಪೂರ್ತಿ ವಾಸಿಯಾದ ಮೇಲೆ ನಮ್ಮವರಿಗೆ ಮತ್ತೆ ಆಸೆ ಹುಟ್ಟಿತು. ಈಗ ಚಿಗವ್ವನಿಗೆ ರೂಢಿಯಾಗಿದೆ, ಹೊಸ ಕ್ಯಾಮೆರಾದಲ್ಲಿ ನೆಟ್ಟಗೆ ಒಂದು ತೆಗೆದುಬಿಡೋಣ ಎಂದು ಅಂಗಳದಲ್ಲಿ ಕುರ್ಚಿ ಹಾಕಿದರು. ಆಕೆ ಅಡಿಗೆ ಮನೆಯಿಂದ ಬಂದು ಕೂತಳು. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಚಟ್ ಅಂದಿತು. ನಮ್ಮವರು ಕ್ಯಾಮೆರಾದ ಹಿಂದಿನ ಪರದೆ ನೋಡಿ, ಅದನ್ನು ತಂದು ನನಗೆ ತೋರಿಸಿದರು. ಬಿಸಿಲಿನಲ್ಲಿ ಖಾಲಿ ಕುರ್ಚಿ. ಅದರ ಮೇಲೆ, ಗಾಳಿಯಲ್ಲಿ, ರೊಟ್ಟಿ ಪಲ್ಯ ಬಡಿಸಿದ ತಟ್ಟೆ.

ಇಷ್ಟು ವರ್ಷಗಳಲ್ಲಿ ಖಾಲಿ ಕುರ್ಚಿ ಕಂಡು ನನ್ನ ಗಂಡ ನಕ್ಕದ್ದನ್ನು ನಾನು ನೋಡಿರಲಿಲ್ಲ. ಆ ದಿನ ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕುರ್ಚಿಯ ಮೇಲೆ ಕೂತ ಚಿಗವ್ವ ತಟ್ಟೆ ಚಾಚಿಕೊಂಡೇ ಇದ್ದಳು.

"ನಗೂದು ಆಮ್ಯಾಲ ನಗು. ಮೊದಲ ಉಣ್ಣು, ರೊಟ್ಟಿ ಆರತೈತಿ."

ಅವರು ಕ್ಯಾಮೆರಾ ನನ್ನ ಕೈಗೆ ಕೊಟ್ಟು, ಆಕೆಯ ಕಾಲ ಬಳಿ ನೆಲದ ಮೇಲೆ ಕೂತು ಉಂಡರು.